ಏರಿನಲ್ಲಿ ಇಳಿಯುವವರು

ಉಮರಬ್ಬ ಎರಡೂ ಕೈ ಚಾಚಿ ದಾರಂದ ಹಿಡಿದು ಬಾಗಿಲಿಗೆ ಅಡ್ಡ ನಿಂತುಬಿಟ್ಟರು.

“ಅಲ್ಲೇ ನಿಲ್ಲಿ. ಒಳಗೆ ಬರಬೇಡಿ,” ಎಂದರು. “ನಿನ್ನೆ ಜೀವ ಇದ್ದವನನ್ನು ಕರಕೊಂಡು ಹೋದಿರಿ. ಮಯ್ಯತ್ತು ಮಾಡಿ ತಂದುಕೊಟ್ಟಿರಿ. ಇನ್ನು ಈ ಮನೆಯಲ್ಲಿ ನಿಮಗೆ ಎಂತ ಉಂಟು?”

ಮೆಟ್ಟಿಲ ಕೆಳಗೆ ಮೂವರು ನಿಂತಿದ್ದರು. ಹಂಪನಕಟ್ಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಮೋಹನದಾಸ್ ತಲೆ ತಗ್ಗಿಸಿದ್ದ. ಅವನ ಹೆಂಡತಿ ಕುಶಲಾ, ಬಿಜೈಯ ಶಾಲೆಯ ಟೀಚರು, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕುಲಶೇಖರದ ಬೇಕರಿಯ ಕ್ರಿಸ್ತುವ, ಊರವರು ಗೌರವದಿಂದ ಪೊರ್ಬುಗಳು ಎನ್ನುವ ಸೆವರಿನ್ ಮಾತ್ರ ಟೊಪ್ಪಿ ತೆಗೆದು ಎದೆಗೆ ಹಿಡಿದುಕೊಂಡು ನೇರವಾಗಿ ನೋಡುತ್ತಿದ್ದರು. ಅವರ ಸೈಕಲುಗಳು ಎದುರಿನ ಒಣಮೀನಿನ ಗೋದಾಮಿನ ಗೋಡೆಗೆ ಒರಗಿದ್ದವು. ಬಂದರಿನ ಆ ಓಣಿ ಬೆಳಗಿನಿಂದಲೇ ತುಂಬಿಹೋಗಿತ್ತು. ಮಂಜಿ ಹಡಗುಗಳಿಗೆ ಹೆಂಚು ಹೇರುವ ಕೂಲಿಯವರು, ದೋಣಿ ನಿಲ್ಲುವ ಧಕ್ಕೆಯ ವ್ಯಾಪಾರಿಗಳು, ಮಸೀದಿಯಿಂದ ನೇರ ಬಂದವರು, ಎಲ್ಲರೂ ಒಮ್ಮೆ ಬಾಗಿಲ ಕಡೆಗೆ, ಒಮ್ಮೆ ಆ ಮೂವರ ಕಡೆಗೆ ಕತ್ತು ತಿರುಗಿಸುತ್ತಿದ್ದರು.

“ಉಮರಾಕ, ನಾವು ಒಳಗೆ ಬರುವುದಿಲ್ಲ. ಅವನ ಮುಖ ಒಮ್ಮೆ...” ಮೋಹನದಾಸ್ ಶುರುಮಾಡಿದ.

“ಮುಖ ನೀವು ನಿನ್ನೆಯೇ ನೋಡಿ ಆಗಿದೆ. ನಾನು ನೋಡ್ಲಿಲ್ಲ. ನನ್ನ ತಮ್ಮ ಕಣ್ಣು ಮುಚ್ಚುವಾಗ ನಾನು ನೋಡ್ಲಿಲ್ಲ, ಗೊತ್ತುಂಟಾ ನಿಮಗೆ?”

ಒಳಕೋಣೆಯಲ್ಲಿ ಪರದೆಯ ಹಿಂದೆ ಕೂತಿದ್ದ ಝುಬೈದಾಳಿಗೆ ಪ್ರತಿಯೊಂದು ಮಾತೂ ಕೇಳುತ್ತಿತ್ತು. ಸತ್ತವನು ಅವಳ ಗಂಡ ಯೂಸುಫ್, ಉಮರಬ್ಬರ ಒಬ್ಬನೇ ತಮ್ಮ. ಪಡಸಾಲೆಯಲ್ಲಿ ಬಿಳಿ ಬಟ್ಟೆ ಹೊದೆಸಿ ಮಲಗಿಸಿದ್ದರು. ತಲೆಯ ಬಳಿ ಅತ್ತೆ ಬೀಫಾತಿಮ್ಮ ಕೂತು, ಜಪಮಣಿ ತಿರುಗಿಸುತ್ತಿದ್ದರೂ ತುಟಿ ಅಲುಗಿಸುವುದನ್ನು ಮರೆತಿದ್ದರು.

ಝುಬೈದಾಳ ಸುತ್ತ ಕೂತ ಹೆಂಗಸರಲ್ಲಿ ಒಬ್ಬಳು ಪಿಸುಗುಟ್ಟಿದಳು. “ಹೃದಯ ಸರಿ ಇಲ್ಲದವನನ್ನು ಸೈಕಲ್ ಹತ್ತಿಸಿದರೆ ಇನ್ನೆಂತ ಆಗ್ತದೆ?”

“ಕೊಂದದ್ದೇ ಅಲ್ಲವಾ ಅದು,” ಎಂದಳು ಇನ್ನೊಬ್ಬಳು.

ನಿನ್ನೆ ಸಂಜೆಯಿಂದ ಝುಬೈದಾ ಅತ್ತಿರಲಿಲ್ಲ. ಈಗಲೂ ಅಳು ಬರಲಿಲ್ಲ. ಆ ಮಾತಾಡಿದವಳನ್ನು ತಿರುಗಿ ನೆಟ್ಟಗೆ ನೋಡಿದಳು.

*

ಎಂಟು ವರ್ಷದ ಹಿಂದೆ, ಜಿಲ್ಲೆ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ವರ್ಷ ಅದು. ಅಣ್ಣತಮ್ಮಂದಿರಿಗೆ ಧಕ್ಕೆಯ ಹತ್ತಿರ ಹಗ್ಗದ ಅಂಗಡಿ. ಮಂಜಿಗಳಿಗೆ ಬೇಕಾದ ತೆಂಗಿನ ನಾರಿನ ಹಗ್ಗ, ಹಾಯಿಬಟ್ಟೆ, ರಾಳ. ಒಂದು ದಿನ ಹಗ್ಗದ ಸುರುಳಿ ಎತ್ತಿದ ಯೂಸುಫ್ ಅದರೊಟ್ಟಿಗೇ ಕುಸಿದ. ಹೃದಯದ ಕವಾಟ ಹಾಳಾಗಿದೆ, ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು, ಹೆಚ್ಚು ವರ್ಷ ಹೇಳಲಿಕ್ಕಾಗುವುದಿಲ್ಲ ಎಂದರು ಡಾಕ್ಟರು.

ಉಮರಬ್ಬ ಆ ಮಾತನ್ನು ಹರಕೆಯ ಹಾಗೆ ಹೊತ್ತುಕೊಂಡರು. ತಮ್ಮನನ್ನು ಕೆಳಗಿನ ಕೋಣೆಯಲ್ಲಿ ಮಲಗಿಸಿದರು. ಓಣಿಯ ಧೂಳು ಬರಬಾರದೆಂದು ಕಿಟಕಿಗೆ ಮೊಳೆ ಹೊಡೆಸಿದರು. ಅಂಗಡಿಯಿಂದ ನಡುವೆ ನಡುವೆ ಓಡಿಬಂದು ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ತಾವೇ ಹಾಲು ಕುಡಿಸುತ್ತಿದ್ದರು. ನೋಡಲು ಬಂದವರು ಎರಡು ಮಾತಾಡುವುದರೊಳಗೆ “ಸಾಕು, ಅವನಿಗೆ ದಣಿವಾಗ್ತದೆ” ಎಂದು ಎಬ್ಬಿಸುತ್ತಿದ್ದರು. ಅವರ ಪ್ರೀತಿಯಲ್ಲಿ, ಆರಿಸಿದ ಅಕ್ಕಿಯ ಹಾಗೆ, ಒಂದು ಕಲ್ಲೂ ಇರಲಿಲ್ಲ. ಆದರೆ ಆ ಪ್ರೀತಿಯೊಳಗೆ ಗಾಳಿ ಆಡುತ್ತಿರಲಿಲ್ಲ.

ಎರಡು ವರ್ಷ ಹಾಗೇ ಹೋಯಿತು. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ, ಮಕ್ಕಳೂ ಇರಲಿಲ್ಲ. ಝುಬೈದಾ ನೋಡುತ್ತಿದ್ದಂತೆಯೇ ಯೂಸುಫನ ಸ್ವರ ಸಣ್ಣದಾಗುತ್ತ ಬಂತು. ಒಂದು ದಿನ ಅವನು, “ನನಗೆ ಬಂಗುಡೆ ಅಂದ್ರೆ ಜೀವ ಆಗಿತ್ತು” ಎಂದ. ಬಂಗುಡೆ ಮೀನು ಬಟ್ಟಲಲ್ಲೇ ಇತ್ತು. ಅವನೂ ಇದ್ದ. ಆದರೆ ಸತ್ತವರ ಬಗ್ಗೆ ಹೇಳುವ ಹಾಗೆ ಹೇಳಿದ. ಅವತ್ತು ಝುಬೈದಾ ಅಡುಗೆಮನೆಗೆ ಹೋಗಿ ಸೌಟನ್ನು ಗೋಡೆಗೆ ಎಸೆದಳು.

ಅದಾಗಿ ಸ್ವಲ್ಪ ದಿನಕ್ಕೆ ಮೋಹನದಾಸ್ ಬಂದ. ಶಾಲೆಯಲ್ಲಿ ಯೂಸುಫನ ಬೆಂಚಿನವನು. ಪ್ರತಿ ಆದಿತ್ಯವಾರ ಸಂಜೆ ತಾನೂ ಕುಶಲಳೂ ಸೆವರಿನ್ ಪೊರ್ಬುಗಳೂ ಸೈಕಲ್ ಹಿಡಿದು ಊರು ಸುತ್ತುತ್ತೇವೆ ಎಂದು ಹೇಳಿದ.

“ಎಂತಕ್ಕೆ?” ಎಂದು ಕೇಳಿದ ಯೂಸುಫ್.

“ಎಂತಕ್ಕೂ ಅಲ್ಲ ಮಾರಾಯ. ಸುಮ್ಮನೆ. ಹೊಳೆಬದಿಗೆ ಹೋಗುವುದು, ಕೂರುವುದು, ಬರುವುದು.”

ಯೂಸುಫ್ ಸ್ವಲ್ಪ ಹೊತ್ತು ಮೊಳೆ ಹೊಡೆದ ಕಿಟಕಿಯನ್ನು ನೋಡಿದ. ಆಮೇಲೆ ಕಾಲು ಕೆಳಗಿಟ್ಟ. “ನಾನೂ ಬರ್ತೇನೆ.”

ಮೋಹನದಾಸ್ ಗಾಬರಿಯಾಗಿ ಎದ್ದ. ಅಷ್ಟರಲ್ಲಿ ಉಮರಬ್ಬ ಬಾಗಿಲಲ್ಲಿದ್ದರು. “ಸೈಕಲ್ ಹತ್ತಿದರೆ ಸಾಯ್ತಿ ನೀನು!”

“ಹತ್ತದಿದ್ದರೆ, ಕಾಕ?”

ಅಣ್ಣನನ್ನು ಯೂಸುಫ್ ಕಾಕ ಎಂದೇ ಕರೆಯುತ್ತಿದ್ದ. ಉಮರಬ್ಬ ತಿರುಗಿ ನೋಡಿದಾಗ ಝುಬೈದಾ ಗಂಡನ ಅಂಗಿ, ಟೊಪ್ಪಿ, ಚಪ್ಪಲಿ ತಂದು ಇಡುತ್ತಿದ್ದಳು.

“ನೀನೂವಾ?”

“ಎರಡು ವರ್ಷದಿಂದ ಈ ಕೋಣೆಯಲ್ಲಿ ಮಯ್ಯತ್ತು ಉಂಟು ಕಾಕ,” ಎಂದಳು ಝುಬೈದಾ. ಗಂಡನ ಅಣ್ಣನ ಎದುರು ಅವಳು ಬಾಯಿಬಿಟ್ಟು ಮಾತಾಡಿದ್ದು ಅದೇ ಮೊದಲು. “ಇವತ್ತು ಎದ್ದು ನಿಂತಿದೆ. ಹೋಗಲಿಕ್ಕೆ ಬಿಡಿ.”

*

ಮೊದಲ ದಿನ ಧಕ್ಕೆಯವರೆಗೆ ಹೋದದ್ದೇ ಸಾಹಸ. ಮೋಹನದಾಸ್ ಸೀಟು ಹಿಡಿದುಕೊಂಡು ಬದಿಯಲ್ಲಿ ನಡೆದ. ತಿಂಗಳು ಕಳೆಯುವಾಗ ಬೋಳಾರ, ಆಮೇಲೆ ಕುದ್ರೋಳಿ, ಆಮೇಲೆ ಉರ್ವದ ಮೇಲಿಂದ ಹೊಳೆಬದಿಯ ಕಲ್ಲಿನ ಬುರುಜು ಸುಲ್ತಾನ್ ಬತ್ತೇರಿ.

ಮಂಗಳೂರಿನಲ್ಲಿ ಎಲ್ಲಿಗೆ ಹೋಗುವುದಾದರೂ ಒಂದು ಗುಡ್ಡ ಅಡ್ಡ ಬರುತ್ತದೆ. ಮೊದಲ ಏರು ಬಂದಾಗ ಯೂಸುಫನ ಮುಖ ಕಂದಿತು. ಅವನು ಇಳಿಯುವ ಮೊದಲೇ ಸೆವರಿನ್ ಪೊರ್ಬುಗಳು ಧಡಕ್ಕನೆ ಇಳಿದು, “ನನ್ನ ಮಂಡಿ ಹಿಡಿಯಿತು” ಎಂದರು. ಮೈದಾದ ಗೋಣಿಯನ್ನು ಒಬ್ಬರೇ ಹೊರುವ ಮನುಷ್ಯ ಅವರು. ಕುಶಲಾ ಇಳಿದು, “ನನ್ನ ಸೀರೆ ಚೈನಿಗೆ ಸಿಕ್ತದೆ” ಎಂದಳು. ನೆವ ಹುಡುಕಿ ಸಿಗದ ಮೋಹನದಾಸ್, “ನನಗೆ ಎಂತ ಆಗ್ಲಿಲ್ಲ, ಸುಮ್ಮನೆ ಇಳಿದೆ” ಎಂದ. ನಾಲ್ವರೂ ನಕ್ಕು ಸಾಕಾಗಿ ಸೈಕಲ್ ತಳ್ಳಿಕೊಂಡು ಗುಡ್ಡ ಹತ್ತಿದರು. ಅಂದಿನಿಂದ ಏರು ಬಂದರೆ ಎಲ್ಲರೂ ಇಳಿಯುವುದು. ಯಾಕೆಂದು ಮತ್ತೆ ಯಾರೂ ಹೇಳಲಿಲ್ಲ, ಕೇಳಲಿಲ್ಲ.

ಲೈಟ್‌ಹೌಸ್ ಗುಡ್ಡದಲ್ಲಿ ಕಾಲೇಜಿನ ಹುಡುಗರು ಯೂಸುಫನ ಟೊಪ್ಪಿ ನೋಡಿ ಸಿಳ್ಳೆ ಹಾಕಿದರು. “ಬ್ಯಾರಿಗಳೇ, ತಳ್ಳಲಿಕ್ಕೆ ಸೈಕಲ್ ಎಂತಕ್ಕೆ?”

“ಆಚೆ ಬದಿ ಇಳಿಯುವಾಗ ಕೂರಲಿಕ್ಕೆ!” ಎಂದು ಯೂಸುಫ್ ಕೂಗಿ ಹೇಳಿದ. ಎರಡು ವರ್ಷ ಪಿಸುಗುಟ್ಟಿದ್ದ ಮನುಷ್ಯ. ಅವನ ಸ್ವರ ಗುಡ್ಡದ ಆಚೆಗೂ ಕೇಳಿಸಿರಬೇಕು.

ಒಮ್ಮೆ ಬಜಪೆಗೆ ವಿಮಾನ ನೋಡಲು ಹೊರಟರು. ದಾರಿಯುದ್ದಕ್ಕೂ ಏರು. ತಳ್ಳಿ ತಳ್ಳಿ ಮುಟ್ಟುವಾಗ ವಿಮಾನ ಹಾರಿಹೋಗಿ ಎಷ್ಟೋ ಹೊತ್ತಾಗಿತ್ತು. ನಿಲ್ದಾಣದ ಬೇಲಿಯ ಆಚೆ ದನಗಳು ಮೇಯುತ್ತಿದ್ದವು. ಝುಬೈದಾಳ ತವರು ಅಲ್ಲೇ ಹತ್ತಿರ. ನಾಲ್ವರೂ ಅಲ್ಲಿಗೆ ಹೋಗಿ ಕೋಳಿಸಾರಿನಲ್ಲಿ ರೊಟ್ಟಿ ತಿಂದು ನಿದ್ದೆ ಹೊಡೆದು ಬಂದರು. ಓಣಿಯವರು ಕೇಳಿ ನಕ್ಕಾಗ ಯೂಸುಫ್ ಹೇಳಿದ. “ಅವಸರ ಇದ್ದದ್ದು ವಿಮಾನಕ್ಕೆ. ನಮಗಲ್ಲ.”

*

ಯೂಸುಫನ ಮೈ ತೊಳೆಸಲು ಬಿಸಿನೀರಿನ ಹಂಡೆ ಹೊತ್ತು ತರುವ ಗದ್ದಲದಲ್ಲಿ, ಹಿತ್ತಿಲ ಬಾಗಿಲಿನಿಂದ ಕುಶಲಾ ಒಳಬಂದಳು. ಹೆಂಗಸನ್ನು ತಡೆಯಲು ಅಲ್ಲಿ ಯಾರೂ ನಿಂತಿರಲಿಲ್ಲ. ಝುಬೈದಾಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಅವಳ ಕೈ ಹಿಡಿದಳು. ಸುತ್ತಲಿನ ಹೆಂಗಸರು ಮೈ ಸರಿಸಿಕೊಂಡರು.

“ಹೇಳಿ ಕುಶಲಕ್ಕ,” ಎಂದಳು ಝುಬೈದಾ. “ನಿನ್ನೆಯಿಂದ ಎಲ್ಲರೂ ನನಗೆ ಹೇಳಿದ್ದು ಅವರು ಹೋದರು ಅಂತ. ಹೇಗೆ ಅಂತ ಯಾರೂ ಹೇಳ್ಲಿಲ್ಲ.”

“ಬತ್ತೇರಿಯ ಹತ್ತಿರ ಕೂತಿದ್ದೆವು, ಯಾವಾಗಲೂ ಕೂರುವ ಕಲ್ಲಿನ ಮೇಲೆ. ಬರುವಾಗ ಎಂತದೂ ಇರಲಿಲ್ಲ. ಪೊರ್ಬುಗಳು ಬ್ರೆಡ್ ತಂದಿದ್ದರು, ಯೂಸುಫ್ ತಿಂದರು. ಹೊಳೆಯಲ್ಲಿ ಒಂದು ಮಂಜಿ ಹೋಗ್ತಾ ಇತ್ತು. ಅದರ ಹಗ್ಗ ನಮ್ಮ ಅಂಗಡಿಯದ್ದೇ ಅಂತ ಹೇಳಿದರು. ‘ಹೇಗೆ ಗೊತ್ತಾಯ್ತು ಮಾರಾಯ ನಿನಗೆ ಇಷ್ಟು ದೂರದಿಂದ’ ಅಂತ ನಮ್ಮ ಯಜಮಾನರು ಕೇಳಿದರು. ಉತ್ತರ ಬರ್ಲಿಲ್ಲ. ನೋಡಿದರೆ ಪೊರ್ಬುಗಳ ಹೆಗಲಿಗೆ ಒರಗಿದ್ದಾರೆ.” ಕುಶಲಾ ಉಸಿರು ಎಳೆದುಕೊಂಡಳು. “ಕಾರು ತರಲಿಕ್ಕೆ ಓಡಿದರೆ ಹೊತ್ತಾಗ್ತದೆ ಅಂತ ಹೊಳೆ ದಾಟಿಸುವ ಕಡವಿನ ದೋಣಿ ಕೇಳಿದೆವು. ಹೊಳೆಯಲ್ಲೇ ಧಕ್ಕೆಗೆ ಬಂದೆವು. ದಾರಿಯುದ್ದಕ್ಕೂ ಪೊರ್ಬುಗಳು ತಲೆಯನ್ನು ಮಡಿಲಿನಿಂದ ಇಳಿಸ್ಲಿಲ್ಲ.”

“ನೋವು?”

“ಇಲ್ಲ ಝುಬೈದಾ. ನಿನ್ನಾಣೆ ಇಲ್ಲ.”

ಝುಬೈದಾ ತಲೆಯಾಡಿಸಿದಳು.

“ನಾವು ಹೋಗ್ತೇವೆ,” ಎಂದಳು ಕುಶಲಾ. “ಉಮರಾಕ ಹೇಳುವುದು ತಪ್ಪು ಅಂತ ನಾನು ಹೇಗೆ ಹೇಳಲಿ? ತಮ್ಮನನ್ನು ಕಳಕೊಂಡಿದ್ದಾರೆ. ನಮ್ಮಿಂದ ಇವತ್ತು ಇಲ್ಲಿ ಗಲಾಟೆ ಬೇಡ.”

“ಹೋದರೆ ನೀವೇ ಕೊಂದದ್ದು ಅಂತ ಆಗ್ತದೆ,” ಎಂದಳು ಝುಬೈದಾ. ಸ್ವರ ಎತ್ತರಿಸಲಿಲ್ಲ. ಆದರೂ ಕೋಣೆಯಲ್ಲಿ ಪಿಸುಮಾತು ನಿಂತಿತು. “ಅವರಿಬ್ಬರು ಸೈಕಲಿನ ಹತ್ತಿರ ನಿಲ್ಲಲಿ, ನೀವು ಇಲ್ಲೇ ಇರಿ. ಒಂದು ಹೆಜ್ಜೆಯೂ ಹಿಂದೆ ಹೋಗಬೇಡಿ.”

*

ಝುಬೈದಾ ಕೂಡ ಒಮ್ಮೆ ಬತ್ತೇರಿಗೆ ಹೋಗಿದ್ದಳು.

ಬತ್ತೇರಿಯ ಗಾಳಿ ಹೀಗೆ, ಮಂಜಿಗಳು ಹಾಯಿ ಬಿಚ್ಚುವುದು ಹಾಗೆ ಎಂದು ಗಂಡ ಪ್ರತಿ ವಾರ ಹೇಳುವುದನ್ನು ಕೇಳಿ ಕೇಳಿ ಒಂದು ಆದಿತ್ಯವಾರ, “ಹೇಳುವುದು ಸಾಕು, ತೋರಿಸಿ” ಎಂದಳು. ಹೆಂಡತಿಯನ್ನು ಕ್ಯಾರಿಯರಿನಲ್ಲಿ ಕೂರಿಸಿ ತುಳಿಯುವ ಶಕ್ತಿ ಯೂಸುಫನಿಗಿರಲಿಲ್ಲ. “ನನ್ನ ಹಿಂದೆ ಕೂತ್ಕೊ,” ಎಂದಳು ಕುಶಲಾ. “ನೀನು ಎಷ್ಟು ಭಾರ ಇದ್ದೀ ಮಹಾ!”

ಬುರ್ಖಾ ತೊಟ್ಟು ಒಂದು ಬದಿಗೆ ಕಾಲು ಇಳಿಬಿಟ್ಟು ಝುಬೈದಾ ಕೂತಳು. ಕೈಯಲ್ಲಿ ಬಿಡಿಸಿದ ಕೊಡೆ. ಕುಶಲಾ ತುಳಿದಳು. ಪಕ್ಕದಲ್ಲೇ ಯೂಸುಫ್. ಓಣಿಯಲ್ಲಿ ಅಂಗಡಿಗಳಿಂದ ಜನ ಹೊರಬಂದು ನಿಂತರು. ಯಾರೋ ಥೂ ಎಂದರು. ಯಾರೋ “ಉಮರಬ್ಬರ ಮನೆಯ ಹೆಂಗಸಾ ಅದು?” ಎಂದು ಗಟ್ಟಿಯಾಗಿಯೇ ಕೇಳಿದರು. ಕೊಡೆಯನ್ನು ಆ ಕಡೆಗೆ ವಾಲಿಸಿದರೆ ಯಾರ ಮುಖವೂ ಕಾಣುತ್ತಿರಲಿಲ್ಲ. ಸ್ವಲ್ಪ ದೂರ ಹಾಗೆ ಹಿಡಿದಳು. ಆಮೇಲೆ ಕೊಡೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಅವರು ನನ್ನನ್ನು ನೋಡುವುದಾದರೆ ನಾನೂ ಅವರನ್ನು ನೋಡುತ್ತೇನೆ ಎನಿಸಿತು.

ಬತ್ತೇರಿಯಲ್ಲಿ ಗುರುಪುರ ಹೊಳೆ ಅಗಲವಾಗಿ ಹರಿಯುತ್ತಿತ್ತು. ಆಚೆ ಮರಳುದಿಬ್ಬದ ಹಿಂದಿನಿಂದ ಕಡಲಿನ ಸದ್ದು. ಯೂಸುಫ್ ಏನೋ ತಾನೇ ಮಾಡಿದ್ದೆಂಬಂತೆ ಅದನ್ನೆಲ್ಲ ಕೈಯೆತ್ತಿ ತೋರಿಸಿದ. ಅವಳು ಹೊಳೆಯನ್ನು ನೋಡಿದ್ದಕ್ಕಿಂತ ಹೆಚ್ಚು ಅವನ ಮುಖ ನೋಡಿದಳು. ಬಿಸಿಲಲ್ಲಿ ಕಪ್ಪಾಗಿತ್ತು. ತುಂಬಿಕೊಂಡಿತ್ತು.

ಮನೆಗೆ ಬಂದಾಗ ಉಮರಬ್ಬ ಜಗಲಿಯಲ್ಲಿದ್ದರು. “ಊರೆಲ್ಲ ನನ್ನ ಮುಖಕ್ಕೆ ಉಗಿಯುವ ಹಾಗೆ ಮಾಡಿದೆ,” ಎಂದರು.

“ನಾನು ನನ್ನ ಗಂಡನ ಪಕ್ಕದಲ್ಲಿ ಹೋದೆ, ಗಂಡನ ಪಕ್ಕದಲ್ಲಿ ಬಂದೆ ಕಾಕ. ಉಗಿಯುವವರ ಬಾಯಿ ನನ್ನದಲ್ಲ,” ಎಂದು ಹೇಳಿ ಒಳಗೆ ಹೋದಳು. ಉಮರಬ್ಬ ಆಮೇಲೆ ತುಂಬ ದಿನ ಅವಳೊಡನೆ ಮಾತಾಡಲಿಲ್ಲ.

*

ಮೈ ತೊಳೆಸಿ ಆಯಿತು. ಕಫನ್ ಬಟ್ಟೆ ಹೊದಿಸಿ ಆಯಿತು. ಮಸೀದಿಯಿಂದ ತಂದ ಮಯ್ಯತ್ತಿನ ಮಂಚದ ಮೇಲೆ ಯೂಸುಫನನ್ನು ಮಲಗಿಸಿದರು. ಊದುಬತ್ತಿಯ ಹೊಗೆ ಪರದೆಯ ಈಚೆಗೂ ಬಂತು.

ಮಸೀದಿಯ ಗುರು ಮುಸ್ಲಿಯಾರರು ಎದ್ದು ನಿಂತು, ಅಗಲಿದವರಿಂದ ಯಾರಿಗಾದರೂ ನೋವಾಗಿದ್ದರೆ, ತಪ್ಪಾಗಿದ್ದರೆ ಮನಸಾರೆ ಬಿಟ್ಟುಕೊಡಿ ಎಂದು ಕೇಳಿದರು. ಪಡಸಾಲೆಯಿಂದಲೂ ಓಣಿಯಿಂದಲೂ “ಬಿಟ್ಟಿದ್ದೇವೆ, ಬಿಟ್ಟಿದ್ದೇವೆ” ಎಂಬ ಗುನುಗು ಎದ್ದಿತು. ಆಮೇಲೆ ಅವರು ಪರದೆಯ ಹತ್ತಿರ ಬಂದು ಮುಖ ಬೇರೆ ಕಡೆ ಮಾಡಿ ನಿಂತರು.

“ಮಗಳೇ, ನೀನೂ ಹೇಳಬೇಕು. ಗಂಡನಿಂದ ಎಂತಾದರೂ ನೋವಾಗಿದ್ದರೆ...”

“ನನಗೆ ಅವರಿಂದ ನೋವೇ ಆಗ್ಲಿಲ್ಲ,” ಎಂದಳು ಝುಬೈದಾ. ಅವಳು ಎದ್ದು ನಿಂತಿದ್ದಳು. ಪಕ್ಕದ ಹೆಂಗಸು ಸೆರಗು ಹಿಡಿದು ಎಳೆದರೂ ಕೂರಲಿಲ್ಲ. “ಬಿಟ್ಟುಕೊಡಲಿಕ್ಕೆ ನನ್ನ ಹತ್ತಿರ ಎಂತದೂ ಇಲ್ಲ ಉಸ್ತಾದರೇ. ಆದರೆ ಒಂದು ಮಾತು ಹೇಳಲಿಕ್ಕುಂಟು. ಹೊರಗೆ ಇರುವವರಿಗೂ ಕೇಳಬೇಕು.”

“ಝುಬೈದಾ!” ಎಂದರು ಉಮರಬ್ಬ.

“ಬೆಳಗಿನಿಂದ ನಾನು ಕೇಳ್ತಾ ಇದ್ದೇನೆ, ಅವರನ್ನು ಕೊಂದರು, ಕೊಂದರು ಅಂತ. ಆರು ವರ್ಷ ನನ್ನ ಗಂಡ ಆದಿತ್ಯವಾರ ಊರು ಸುತ್ತಿ ಬಂದು, ಗೋಡೆಗೆ ಸೈಕಲ್ ಒರಗಿಸಿ, ‘ಹಸಿವಾಗ್ತದೆ ಝುಬೈದಾ’ ಅಂತ ಹೇಳಿದ್ದಾರೆ. ಹಾಲು ಕುಡಿಸಲಿಕ್ಕೆ ಎಬ್ಬಿಸಬೇಕಾಗಿದ್ದ ಮನುಷ್ಯ ಅವರು. ಆ ಹಸಿವು ಯಾರು ತಂದುಕೊಟ್ಟದ್ದು? ನಾನಲ್ಲ. ಕಾಕನೂ ಅಲ್ಲ. ತಂದುಕೊಟ್ಟವರು ಬಾಗಿಲ ಹೊರಗೆ ನಿಂತಿದ್ದಾರೆ, ನಾಯಿಯನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿದ್ದೀರಿ. ಅವರು ಹೆಗಲು ಕೊಡದೆ ಈ ಮಂಚ ಮೇಲೆ ಏಳುವುದಿಲ್ಲ.”

“ಏಳುವುದಿಲ್ಲ ಅಂದರೆ? ಎಂತ ಮಾಡ್ತಿ ನೀನು?”

“ಹೊರಗೆ ಬಂದು ಮಂಚದ ಕಾಲು ಹಿಡಿದು ಕೂರ್ತೇನೆ. ಇಡೀ ಬಂದರು ನೋಡಲಿ. ಕ್ಯಾರಿಯರಿನಲ್ಲಿ ಕೂತಾಗ ನೋಡಿದವರೇ ಅಲ್ಲವಾ ಎಲ್ಲರೂ?”

ಓಣಿಯಲ್ಲಿ ಕಾಗೆಯೊಂದು ಮೀನಿನ ಗೋದಾಮಿನ ಮಾಡಿನ ಮೇಲೆ ಕೂಗುತ್ತಿತ್ತು. ಉಮರಬ್ಬ ಮುಸ್ಲಿಯಾರರ ಕಡೆಗೆ ತಿರುಗಿದರು. “ಕೇಳಿದಿರಾ ಉಸ್ತಾದರೇ? ಬೇರೆ ಮತದವರು ಹೆಗಲು ಕೊಡುವುದು ಅಂತ ಉಂಟಾ?”

ಮುಸ್ಲಿಯಾರರು ಗಡ್ಡ ಸವರಿಕೊಂಡರು. “ನಮಾಝಿನ ಸಾಲು ನಮ್ಮದು. ಹೊರುವ ಹೆಗಲಿಗೆ ಅಡ್ಡಿ ಎಂತದು? ಸ್ನೇಹಿತರಲ್ಲವಾ?”

ಉಮರಬ್ಬ ಆದರೂ ಕದಲಲಿಲ್ಲ. ಆಗ ಇಡೀ ಬೆಳಗು ಒಂದು ಮಾತೂ ಆಡದಿದ್ದ ಬೀಫಾತಿಮ್ಮ ಮಗನ ತಲೆಯ ಬಳಿಯಿಂದ ಎದ್ದರು. ಗೋಡೆ ಹಿಡಿದುಕೊಂಡು ಬಂದು ದೊಡ್ಡ ಮಗನ ಎದುರು ನಿಂತರು. ಅವರ ತಲೆ ಅವನ ಎದೆಗೆ ಬರುತ್ತಿತ್ತು.

“ಉಮರಾ,” ಎಂದರು. “ನನ್ನ ಮಗ ಬಜಪೆಗೆ ಹೋಗಿ ವಿಮಾನ ಸಿಗದೆ ಬಂದು ಇಲ್ಲಿ ಕೂತು ನಕ್ಕದ್ದು ನಿನಗೆ ನೆನಪುಂಟಾ? ನಾನೂ ನಕ್ಕಿದ್ದೇನೆ. ನಿನ್ನ ಬಾಪ ಸತ್ತ ಮೇಲೆ ನಾನು ಹಾಗೆ ನಕ್ಕದ್ದು ಅದೊಂದೇ ಸಲ. ದಾರಿ ಬಿಡು.”

ಉಮರಬ್ಬ ದಾರಿ ಬಿಡಲಿಲ್ಲ. ತಾವೇ ಮೆಟ್ಟಿಲಿಳಿದು ಓಣಿಗೆ ಹೋದರು. ಮೋಹನದಾಸನ ಎದುರು ನಿಂತರು. ಸೆವರಿನ್ ಪೊರ್ಬುಗಳ ಎದುರು ನಿಂತರು. ಕೊನೆಗೆ ಹೊಸ್ತಿಲ ಕಡೆಗೆ ಕೈ ತೋರಿಸಿದರು, ಅಷ್ಟೆ.

ಮಂಚ ಎದ್ದಿತು. ಮುಂದೆ ಮೋಹನದಾಸ್ ಮತ್ತು ಪೊರ್ಬುಗಳು, ಹಿಂದೆ ಉಮರಬ್ಬ ಮತ್ತು ಸಂಬಂಧಿಕನೊಬ್ಬ. ಪೊರ್ಬುಗಳ ಎತ್ತರಕ್ಕೆ ಮಂಚ ಒಂದು ಕಡೆ ವಾಲಿತು. ಅವರು ಮಂಡಿ ಬಗ್ಗಿಸಿ ಸರಿಮಾಡಿಕೊಂಡರು. ದೇವರ ಹೆಸರು ಹೇಳುತ್ತ ಜನ ಮಸೀದಿಯ ಕಡೆಗೆ ತಿರುಗಿದಾಗ ಝುಬೈದಾ ಕೂತಳು. ಆಗ ಅವಳಿಗೆ ಅಳು ಬಂತು. ಕುಶಲಾ ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು.

*

ಮಣ್ಣು ಮಾಡಿ ಗಂಡಸರು ಹಿಂದಿರುಗುವಾಗ ಬಿಸಿಲು ಏರಿತ್ತು. ಝುಬೈದಾ ಪರದೆಯ ಸಂದಿಯಿಂದ ನೋಡಿದಳು. ಇನ್ನು ಗಂಡ ಹೋದವಳ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವವರೆಗೆ ಈ ಕೋಣೆ, ಈ ಸಂದಿ.

ಮೋಹನದಾಸನೂ ಪೊರ್ಬುಗಳೂ ಎಲ್ಲರ ಹಿಂದೆ ಬಂದರು. ಮನೆಯ ಕಡೆಗೆ ತಿರುಗದೆ ನೇರ ಗೋದಾಮಿನ ಗೋಡೆಯತ್ತ ಹೋದರು. ಹಿತ್ತಿಲಿನಿಂದ ಬಂದ ಕುಶಲಾ ತನ್ನ ಸೈಕಲ್ ಹಿಡಿದು ಕಾಯುತ್ತಿದ್ದಳು. ಗುಂಡಿಗೆ ಕೈಯಿಂದಲೇ ಮಣ್ಣು ತುಂಬಿದ ಇಬ್ಬರು ಗಂಡಸರ ಕೈ ಮೊಣಕೈವರೆಗೆ ಕೆಂಪಾಗಿತ್ತು. ಹ್ಯಾಂಡಲಿಗೆ ಮಣ್ಣಾಗುತ್ತದೆಂದೋ ಏನೋ ಮೋಹನದಾಸ್ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದ.

“ನಿಲ್ಲಿ,” ಎಂದು ಉಮರಬ್ಬ ಜಗಲಿಯಿಂದ ಕೂಗಿದರು.

ಓಣಿಯಲ್ಲಿ ಚದುರುತ್ತಿದ್ದವರೆಲ್ಲ ನಿಂತರು. ಉಮರಬ್ಬ ಒಳಗೆ ಹೋಗಿ ನೀರು ತುಂಬಿದ, ಮೂತಿ ಇರುವ ಕಿಂಡಿಚೆಂಬು ಹಿಡಿದುಕೊಂಡು ಬಂದರು. ಎದುರು ಬಾಗಿಲ ಮೆಟ್ಟಿಲಿನ ಮೇಲೆ, ಎಲ್ಲರಿಗೂ ಕಾಣುವಲ್ಲಿ ನಿಂತರು.

“ಇಲ್ಲಿ ಬನ್ನಿ. ಕೈ ನೀಡಿ ಪೊರ್ಬುಗಳೇ.”

ಗುಂಪಿನಿಂದ ಒಬ್ಬ ಮೆಲ್ಲಗೆ ಹೇಳಿದ. “ಹಿತ್ತಿಲಲ್ಲಿ ಬಾವಿಕಟ್ಟೆ ಉಂಟಲ್ಲ ಉಮರಾಕ. ಅಲ್ಲಿ ತೊಳೆಯಲಿ.”

“ಗೊತ್ತುಂಟು ಮಾರಾಯ,” ಎಂದರು ಉಮರಬ್ಬ, ಅವನ ಕಡೆ ನೋಡದೆ. “ಆ ಬಾವಿ ತೋಡಿಸಿದ್ದು ನಾನೇ.”

ಸೆವರಿನ್ ಪೊರ್ಬುಗಳು ಬಂದು ಎರಡೂ ಕೈ ಒಡ್ಡಿದರು. ಉಮರಬ್ಬ ಕಿಂಡಿ ಬಾಗಿಸಿದರು. ಒಂದು ಕೈಯಿಂದ ನೀರು ಹೊಯ್ಯುತ್ತ, ಇನ್ನೊಂದು ಕೈಯಿಂದ ಅವರ ಬೆರಳುಗಳ ಸಂದಿಯ ಮಣ್ಣನ್ನು ಉಜ್ಜಿ ತೆಗೆದರು. ಕೆಂಪು ನೀರು ಮೊದಲ ಮೆಟ್ಟಿಲಿಳಿಯಿತು, ಎರಡನೆಯದನ್ನೂ ಇ‍ಳಿಯಿತು, ಓಣಿಯ ಧೂಳಿನಲ್ಲಿ ದಾರಿ ಮಾಡಿಕೊಂಡು ಹರಿಯಿತು. ನೋಡುತ್ತ ನಿಂತಿದ್ದವರು ಒಬ್ಬೊಬ್ಬರಾಗಿ ಕಾಲು ಹಿಂದಕ್ಕೆ ತೆಗೆದು ಅದಕ್ಕೆ ದಾರಿ ಬಿಟ್ಟರು.